ಒಂದೆಲಗದ ಮೇಲೆ ಹೊರಿಸಿದ ಭಾರ

ಸರ್ಕಾರಿ ಆಯುರ್ವೇದ ಚಿಕಿತ್ಸಾಲಯಕ್ಕೆ ಹೊಸದಾಗಿ ಸೇರಿರುವ ಡಾಕ್ಟರೊಬ್ಬಳು ಹೋದ ತಿಂಗಳು ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಗೆ ಬಂದಿದ್ದಳು. ನಿಮ್ಮ ಸರ್ವೀಸಿನಲ್ಲಿ ಯಾವ ಕಾಯಿಲೆಗೆ ಯಾವ ಔಷಧಿ ಚೆನ್ನಾಗಿ ಹಿಡಿಯಿತು, ಹೇಳಿ ಮೇಡಂ ಎಂದು ನೋಟ್‌ಬುಕ್ಕು ಬಿಚ್ಚಿ ಕೂತಳು. ಕೆಮ್ಮು, ಮೂಲವ್ಯಾಧಿ, ಮಂಡಿನೋವು ಎಂದು ತೋಚಿದ್ದನ್ನೆಲ್ಲ ಹೇಳಿದೆ. "ವಯಸ್ಸಾದವರ ಮರೆವಿಗೆ?" ಎಂದಾಗ ಮಾತ್ರ, ಬರೆದು ಕಳಿಸುತ್ತೇನೆ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ. ಬರೆಯಲು ಕೂತರೆ ಒಂದು ಸಾಲಿನಲ್ಲಿ ಮುಗಿಯುವ ಹಾಗೆ ಕಾಣಲಿಲ್ಲ. ಅವಳಿಗೆಂದು ಶುರು ಮಾಡಿದ್ದು, ಈ ಕೆಲಸಕ್ಕೆ ಬರುವ ಬೇರೆಯವರೂ ಓದಲಿ.

ನನ್ನ ಮೊದಲ ಪೋಸ್ಟಿಂಗ್ ಕುಣಿಗಲ್ಲಿನಲ್ಲಿ. ಆಗ ಚೂರ್ಣಗಳು ದೊಡ್ಡ ಡಬ್ಬಗಳಲ್ಲಿ ಬರುತ್ತಿದ್ದವು. ಹಳೆಯ ಪೇಪರು ಹರಿದು, ಚಮಚದಲ್ಲಿ ಅಳೆದು ಪೊಟ್ಟಣ ಕಟ್ಟಿ ಕೊಡುತ್ತಿದ್ದೆವು. ಕಷಾಯಕ್ಕೆ ಜನ ಮನೆಯಿಂದ ಬಾಟಲಿ ತರಬೇಕಿತ್ತು. ಸೀಮೆಎಣ್ಣೆ ವಾಸನೆ ಹೊಡೆಯುವ ಬಾಟಲಿ ತಂದವರನ್ನು ನಮ್ಮ ಕಾಂಪೌಂಡರ್ ಬೈದು ವಾಪಸ್ ಕಳಿಸುತ್ತಿದ್ದರು. ನನಗಿಂತ ಮೇಲಿನ ಡಾಕ್ಟರು ಚಂದ್ರಶೇಖರಯ್ಯ. ನಿವೃತ್ತಿಗೆ ಹತ್ತಿರ ಬಂದಿದ್ದರು. ಮಾತು ಕಮ್ಮಿ. ನನ್ನಂಥ ಹೊಸಬರು ಉದ್ದುದ್ದ ಚೀಟಿ ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಸೊಸೆಯೊಬ್ಬಳು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆ ಉಂಡು ಕೈ ತೊಳೆದ ಮೇಲೆ ಬೀದಿಗೆ ಹೋಗಿ, ಸೊಸೆ ನನಗೆ ಊಟ ಹಾಕಲಿಲ್ಲ ಎಂದು ಕಂಡಕಂಡವರಿಗೆ ಹೇಳುತ್ತಿದ್ದರಂತೆ.

"ಊರೋರೆಲ್ಲ ನನ್ನ ಮಖಕ್ಕೆ ಉಗೀತಾವ್ರೆ ಡಾಕ್ಟ್ರೇ" ಎಂದು ಸೊಸೆ ಅತ್ತಳು.

ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಬರೆದೆ. ಒಂದೆಲಗದ ರಸ, ಶಂಖಪುಷ್ಪಿ, ಅಶ್ವಗಂಧ, ಬ್ರಾಹ್ಮೀ ತುಪ್ಪ. ಚಂದ್ರಶೇಖರಯ್ಯನವರು ಚೀಟಿ ತೆಗೆದುಕೊಂಡು ಅರ್ಧ ಹೊಡೆದುಹಾಕಿದರು. ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, "ನಿಮ್ಮತ್ತೆ ಸುಳ್ಳು ಹೇಳ್ತಿಲ್ಲ ಕಣಮ್ಮ. ಉಂಡಿದ್ದು ಅವರಿಗೆ ಗೊತ್ತೇ ಇಲ್ಲ. ಮುದ್ದೇನ ಎರಡು ಭಾಗ ಮಾಡಿಟ್ಕೊ. ಎರಡನೇ ಸಲ ಕೇಳ್ದಾಗ ಇನ್ನೊಂದು ಭಾಗ ಕೊಡು" ಎಂದರು.

ಅತ್ತೆ ಸೊಸೆ ಹೋದ ಮೇಲೆ ಚಂದ್ರಶೇಖರಯ್ಯನವರು ನನಗೆ ಹೇಳಿದರು: "ಒಂದೆಲಗ ಕೊಡು, ಬೇಡ ಅನ್ನಲ್ಲ. ನಿದ್ದೆ ಬರುತ್ತೆ, ಹೊಟ್ಟೆ ಸರಿಹೋಗುತ್ತೆ. ಹೋದ ಜ್ಞಾಪಕ ವಾಪಸ್ ಬರುತ್ತೆ ಅಂತ ಮಾತ್ರ ಬಾಯ್ತಪ್ಪಿನೂ ಹೇಳ್ಬೇಡ. ಪಾಪದ ಗಿಡದ ಮೇಲೆ ಅಷ್ಟೊಂದು ಭಾರ ಹೊರಿಸ್ಬಾರ್ದು."

ನನಗೆ ಕೋಪ ಬಂತು. ತನ್ನ ಶಾಸ್ತ್ರದಲ್ಲಿ ತನಗೇ ನಂಬಿಕೆಯಿಲ್ಲದ ಮುದುಕ ಎಂದುಕೊಂಡೆ. ಅವರು ನಿವೃತ್ತರಾದರು, ನಾನು ಒಂದೆರಡು ಊರು ತಿರುಗಿ ಗುಬ್ಬಿಗೆ ಬಂದೆ. ಅಷ್ಟರಲ್ಲಿ ಅವರ ಮಾತು ನನ್ನ ತಲೆಯಿಂದ ಪೂರ್ತಿ ಹೋಗಿತ್ತು.

ಗುಬ್ಬಿಯಲ್ಲಿ ನನ್ನ ಕೆಲಸ ಬಹಳ ವರ್ಷ ನಡೆಯಿತು. ತುಮಕೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಗೆ ರುದ್ರಪ್ಪ ಎಂಬ ಟೈಲರು ತಮ್ಮ ಹೆಂಡತಿ ಸಿದ್ದಗಂಗಮ್ಮನನ್ನು ಕರೆತಂದರು. ಆಕೆ ಅಂಗನವಾಡಿ ಟೀಚರಾಗಿ ನಿವೃತ್ತಿಯಾದವರು. ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಸೀರೆಗೆ ಸರಿಯಾಗಿ ಹೊಂದುವ ಕುಪ್ಪಸ. ಟೈಲರ ಹೆಂಡತಿ ಎಂದು ನೋಡಿದ ಕೂಡಲೇ ಹೇಳಬಹುದಿತ್ತು.

"ಇವ್ರಿಗೆ ಶರ್ಟಿಗೆ ಕಾಜಾ ಮಾಡೋದೇ ಮರ್ತೋಗುತ್ತೆ, ನನ್ನ ಕರ್ಕೊಂಡ್ ಬಂದವ್ರೆ ನೋಡಿ" ಎಂದು ನಕ್ಕರು.

ರುದ್ರಪ್ಪ ನಗಲಿಲ್ಲ. "ಬೀದಿ ಮಕ್ಕಳ ಹೆಸ್ರು, ಅವ್ರ ಅವ್ವಂದಿರ ಹೆಸ್ರು ಎಲ್ಲ ಬಾಯಲ್ಲಿತ್ತು ಡಾಕ್ಟ್ರಮ್ಮ. ಈಗ ಸ್ಟವ್ ಹಚ್ಚಿಟ್ಟು ಪಕ್ಕದ ಮನೆಗೆ ಹೋಗ್ತಾಳೆ. ಮೊನ್ನೆ ನಮ್ಮ ಬೀದಿಲೇ ನಿಂತ್ಕೊಂಡು, ನಮ್ಮನೆ ಯಾವ್ದು ಅಂತ ಕೇಳವ್ಳೆ" ಎಂದರು.

ಆಗ ನಮಗೆ ತರಬೇತಿಯೊಂದರಲ್ಲಿ ನೆನಪು ಅಳೆಯುವ ಪ್ರಶ್ನೆಗಳ ಅಚ್ಚಾದ ಹಾಳೆ ಕೊಟ್ಟಿದ್ದರು. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ಹೇಳುತ್ತೇನೆ, ಆಮೇಲೆ ಹೇಳಿ, ಹೀಗೆ. ಉತ್ತರಕ್ಕೆ ಅಂಕ ಕೊಡಬೇಕು. ನಾಡಿ, ನಾಲಿಗೆ ನೋಡುತ್ತಿದ್ದ ನಮಗೆ ಅಂಕಿಯಲ್ಲಿ ಬರೆಯುವುದು ಹೊಸದು, ಏನೋ ದೊಡ್ಡ ಕೆಲಸ ಮಾಡುತ್ತಿದ್ದೇವೆ ಎನಿಸುತ್ತಿತ್ತು. ಸಿದ್ದಗಂಗಮ್ಮನಿಗೆ ಆ ಪರೀಕ್ಷೆ ಮಾಡಿದೆ. ಮೂರು ಪದದಲ್ಲಿ ಒಂದೂ ನೆನಪಾಗಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೆಲಗದ ಹಸಿ ರಸ, ಸಂಜೆ ಹಾಲಿನಲ್ಲಿ ಬ್ರಾಹ್ಮೀ ತುಪ್ಪ ಎಂದು ಬರೆದೆ. "ಒಂದು ದಿನಾನೂ ತಪ್ಪಿಸ್ಬೇಡಿ. ಆರು ತಿಂಗಳು ಬಿಡದೆ ಕೊಟ್ರೆ ನೀವೇ ನೋಡ್ತೀರ" ಎಂದೆ. ಪ್ರಶ್ನೆಗಳ ಹಾಳೆಯ ಒಂದು ಜೆರಾಕ್ಸ್ ಕೊಟ್ಟು, ಆಗಾಗ ಮನೆಯಲ್ಲಿ ಕೇಳಿ ಬರೆದಿಡಲು ಹೇಳಿದೆ.

ರುದ್ರಪ್ಪನವರಿಗೆ ತೋಟವಿರಲಿಲ್ಲ. ಊರಾಚೆಯ ತೆಂಗಿನ ತೋಟದ ಯಜಮಾನರನ್ನು ಕೇಳಿಕೊಂಡು, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಕಾಲುವೆ ಬದಿಯ ಒಂದೆಲಗ ಕಿತ್ತು ತರುತ್ತಿದ್ದರು. ಎರಡು ತಿಂಗಳ ಮೇಲೆ ಬಂದಾಗ ಸಿದ್ದಗಂಗಮ್ಮನ ಮುಖದಲ್ಲಿ ಕಳೆ ಇತ್ತು. ಮೂರು ಪದದಲ್ಲಿ ಎರಡು ಹೇಳಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಒಂದು ಸಂಗತಿಯನ್ನು ನಾನು ಕೇಸ್ ಶೀಟಿನಲ್ಲಿ ಬರೆಯಲಿಲ್ಲ. ಔಷಧಿ ಶುರು ಮಾಡಿದ ವಾರವೇ ರುದ್ರಪ್ಪ ತಮ್ಮ ಹೊಲಿಗೆ ಮಿಷನ್ನನ್ನು ಅಂಗಡಿಯಿಂದ ಮನೆಗೆ ತಂದುಕೊಂಡಿದ್ದರು. ಇಡೀ ದಿನ ಆಕೆಯ ಜೊತೆ ಮಾತಾಡುತ್ತಾ ಹೊಲಿಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ಅವರು ಇದನ್ನು ನನಗೆ ಹೇಳಿದ್ದರು. ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಜೊತೆಗೆ, ಹಾಳೆಯಲ್ಲಿದ್ದ ಆ ಪದಗಳನ್ನು ದಿನಾ ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿರಬಹುದು ಎಂದೂ ನನಗೆ ಹೊಳೆಯಲಿಲ್ಲ.

ಆ ಸಮಯಕ್ಕೆ ನಮ್ಮ ಮೇಲಧಿಕಾರಿಗಳೊಬ್ಬರು ತಾಲ್ಲೂಕುಗಳಿಂದ ಯಶಸ್ಸಿನ ಕೇಸುಗಳನ್ನು ಕೇಳುತ್ತಿದ್ದರು. "ಒಂದು ಒಳ್ಳೇ ಕೇಸ್ ಬರ್ಕೊಡಿ ಮೇಡಂ. ಮೀಟಿಂಗಲ್ಲಿ ನಮ್ಮ ತಲೆ ಎತ್ತೋ ಹಂಗಿರ್ಲಿ" ಎಂದರು. ಸಿದ್ದಗಂಗಮ್ಮನ ಕೇಸು ಬರೆದುಕೊಟ್ಟೆ. ಸಭೆಯಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಸಭೆಗೆ ಬಂದಿದ್ದ ಸ್ಥಳೀಯ ಪತ್ರಿಕೆಯವರೊಬ್ಬರು, ಮರೆವಿಗೆ ಒಂದೆಲಗದ ಮದ್ದು ಕಂಡುಹಿಡಿದ ಗುಬ್ಬಿಯ ವೈದ್ಯೆ ಎಂದು ನನ್ನ ಫೋಟೋ ಸಮೇತ ಹಾಕಿದರು. ನಾನೇನೂ ಕಂಡುಹಿಡಿದಿರಲಿಲ್ಲ. ತಿದ್ದಿಸಲೂ ಹೋಗಲಿಲ್ಲ. ಆ ಪೇಪರಿನ ನಾಲ್ಕು ಪ್ರತಿ ತಂದು ಮನೆಯಲ್ಲಿಟ್ಟುಕೊಂಡೆ.

ಮುಂದಿನ ವಾರದಿಂದ ನಮ್ಮ ಬಾಗಿಲ ಮುಂದೆ ಸಾಲು ಹತ್ತಿತು. ತಂದೆ ತಾಯಿಯರನ್ನು ಆಟೋದಲ್ಲಿ, ಬೈಕಿನ ಹಿಂದೆ ಕೂರಿಸಿಕೊಂಡು ಬರುವವರು. ಅವರಲ್ಲಿ ಪವಿತ್ರಾ ಒಬ್ಬಳು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ತಾಯಿ ಇರಲಿಲ್ಲ, ತಂದೆ ಮಗಳು ಇಬ್ಬರೇ. ತಂದೆ ಶಿವಣ್ಣ ಅಂತರಸನಹಳ್ಳಿಯ ವರ್ಕ್‌ಶಾಪುಗಳಲ್ಲಿ ಲೇತ್ ಮಿಷನ್ ಮೇಲೆ ಆಯಸ್ಸೆಲ್ಲ ಕೆಲಸ ಮಾಡಿದವರು.

"ತಲೇಲಿ ಎಲ್ಲೋ ಒಂದು ಬೋಲ್ಟು ಸಡಿಲ ಆಗಿದೆ ಮೇಡಂ, ಒಂಚೂರು ಟೈಟ್ ಮಾಡ್ಕೊಡಿ" ಎಂದರು ಶಿವಣ್ಣ.

ಪವಿತ್ರಾ ಪೇಪರಿನ ತುಂಡನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ತಂದೆ ತಿಂಗಳೊಪ್ಪತ್ತಿನಿಂದ ಹೇಳಿದ್ದನ್ನೇ ಹೇಳುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ, ತಲೆನೋವು ಅನ್ನುತ್ತಾರೆ ಎಂದಳು. ಅವರು ಎದ್ದು ನಡೆದಾಗ ಎಡಗಾಲು ಸ್ವಲ್ಪ ಎಳೆಯುವುದನ್ನು ನಾನು ನೋಡಿದೆ. ನನ್ನ ಕೈಯಾರೆ "ಎಡಗಾಲು ಎಳೆಯುತ್ತಾರೆ" ಎಂದು ಬರೆದೆ. ಪಕ್ಕದಲ್ಲಿ "ವಾತ" ಎಂದು ಬರೆದೆ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಸಿದ್ದಗಂಗಮ್ಮನಿಗೆ ಬರೆದದ್ದನ್ನೇ ಶಿವಣ್ಣನಿಗೂ ಬರೆದು, ಜೊತೆಗೆ ಕಾಲಿಗೊಂದು ತೈಲ ಕೊಟ್ಟೆ. ಹದಿನೈದು ದಿನದ ಮೇಲೆ ಬಂದಾಗ ತೂಕಡಿಕೆ ಹೆಚ್ಚಾಗಿತ್ತು. ತುಪ್ಪ ಒಗ್ಗಬೇಕಾದರೆ ಟೈಮ್ ಬೇಕು ಎಂದು ಹೇಳಿ ಕಳಿಸಿದೆ.

ಆಮೇಲೆ ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದಾಗ ಪವಿತ್ರಾಳ ಫೋನು ಬಂತು. "ಅಪ್ಪ ಏಳ್ತಾ ಇಲ್ಲ ಮೇಡಂ. ಎಷ್ಟು ಕೂಗಿದ್ರೂ ಕಣ್ಣು ಬಿಡ್ತಿಲ್ಲ." ತಕ್ಷಣ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಅಲ್ಲಿ ಸ್ಕ್ಯಾನ್ ಮಾಡಿ, ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿದೆ ಎಂದರು. ಬೆಂಗಳೂರಿಗೆ ಸಾಗಿಸಿದರು. ಆಪರೇಷನ್ ಆಯಿತು. ನಾಲ್ಕನೇ ದಿನ ಶಿವಣ್ಣ ತೀರಿಕೊಂಡರು.

ಕಾರ್ಯವೆಲ್ಲ ಮುಗಿಸಿ ಪವಿತ್ರಾ ಗುಬ್ಬಿಗೆ ಬಂದಳು. ಚೀಲದಿಂದ ತುಪ್ಪದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇನ್ನೂ ಅರ್ಧ ಇದೆ ಮೇಡಂ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಬೇರೆ ಯಾರಿಗಾದ್ರೂ ಆಗುತ್ತೆ."

ಆಸ್ಪತ್ರೆಯ ಕಾಗದಗಳನ್ನೂ ತಂದಿದ್ದಳು. ಅವಳಿಗೆ ಅದರಲ್ಲಿದ್ದ ಇಂಗ್ಲಿಷು ಪೂರ್ತಿ ಅರ್ಥವಾಗಿರಲಿಲ್ಲ, ಏನಾಗಿತ್ತು ಎಂದು ನನ್ನ ಬಾಯಿಂದ ಕೇಳಬೇಕಿತ್ತು. ಓದಿದೆ. ಆರೇಳು ವಾರ ಹಿಂದೆ ತಲೆಗೆ ಏಟು ಬಿದ್ದಿರಬೇಕು, ಒಳಗೆ ರಕ್ತ ಹನಿಹನಿಯಾಗಿ ಸೇರುತ್ತಾ ಬಂದಿದೆ ಎಂದಿತ್ತು.

"ಅಪ್ಪ ಎಲ್ಲಾದ್ರೂ ಬಿದ್ದಿದ್ರಾ?" ಎಂದೆ.

"ಬಚ್ಚಲಲ್ಲಿ ಜಾರಿದ್ರು. ತೊಟ್ಟಿ ಅಂಚು ಹಣೆಗೆ ತಗುಲಿ ಬುಗುಟೆ ಬಂದಿತ್ತು. ಎರಡು ದಿನಕ್ಕೆ ಇಳೀತು. ಯಾಕೆ ಮೇಡಂ?"

ಸುಮ್ಮನಿರಬಹುದಿತ್ತು. ನನ್ನ ಮೇಲೆ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಆದರೆ ಆ ಬಾಟಲಿ ಎದುರಿಗಿತ್ತು. "ಈ ಪ್ರಶ್ನೆನ ನಾನು ಮೊದಲ ದಿನಾನೇ ಕೇಳ್ಬೇಕಿತ್ತು ಪವಿತ್ರಾ. ಅವತ್ತೇ ಸ್ಕ್ಯಾನಿಗೆ ಕಳಿಸಿದ್ರೆ ಸಣ್ಣ ಆಪರೇಷನಲ್ಲಿ ಸರಿಹೋಗೋ ಸಾಧ್ಯತೆ ಇತ್ತು. ಅವರಿಗಿದ್ದದ್ದು ಮರೆವಿನ ಕಾಯಿಲೆನೇ ಅಲ್ಲ. ತಪ್ಪು ನಂದು" ಎಂದೆ.

ಅವಳು ಮೇಜಿನ ಮೇಲಿನ ಕಾಗದಗಳನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಮೆತ್ತಗೆ, "ನಾನಾದ್ರೂ ಹೇಳ್ಬೋದಿತ್ತಲ್ಲ ಬಿದ್ದಿದ್ದು" ಎಂದಳು.

"ನೀನು ಹೇಗೆ ಹೇಳ್ತೀಯಮ್ಮ, ನಿನಗೇನು ಗೊತ್ತು? ಕೇಳೋದು ನನ್ನ ಕೆಲಸ."

"ನೀವು ಇದನ್ನ ನಂಗೆ ಹೇಳ್ಬಾರ್ದಿತ್ತು ಮೇಡಂ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಣೆಬರಹ ಅಂತ ಅನ್ಕೊಂಡು ಬಂದಿದ್ದೆ. ಇನ್ಮೇಲೆ ಆ ಬಚ್ಚಲಿಗೆ ಹೋದಾಗೆಲ್ಲ ನಂಗೆ ಇದೇ ಜ್ಞಾಪಕ ಬರುತ್ತೆ."

ಕಾಗದಗಳನ್ನು ಜೋಡಿಸಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಮಾಡಲು ನನಗೆ ಧೈರ್ಯ ಬರಲಿಲ್ಲ. ನಿಜ ಹೇಳಿದ್ದು ಸರಿಯೇ ಎಂದು ಈಗಲೂ ನಂಬಿದ್ದೇನೆ. ಹೇಳಿದ ರೀತಿ ಸರಿಯಿತ್ತೇ ಎಂಬುದು ಗೊತ್ತಿಲ್ಲ. ನನ್ನ ಎದೆಯ ಭಾರವನ್ನು ಆ ಮಗುವಿನ ಎದೆಗೆ ದಾಟಿಸಿಬಿಟ್ಟೆನೇನೋ ಎಂದು ಬಹಳ ಸಲ ಅನಿಸಿದೆ.

ಮೇಲಧಿಕಾರಿಗಳ ಹತ್ತಿರ ಹೋಗಿ, ನಾನು ಓದಿದ ಕೇಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹೀಗೊಂದು ಸಾವಾಗಿದೆ ಎಂದು ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ರಿಪೋರ್ಟು ಮೇಲಕ್ಕೆ ಹೋಗಾಯ್ತು. ಈಗ್ಯಾಕೆ ಕೆದಕ್ತೀರ? ಅವರ ಕಡೆಯಿಂದ ಕಂಪ್ಲೇಂಟೂ ಇಲ್ವಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಕೆಲಸ ಉಳಿಯಲಿ ಎಂದೇ ಹಾಗೆಂದರು. ನನ್ನ ಕಾಗದ ಅವರ ಟೇಬಲ್ಲಿನಿಂದ ಎಲ್ಲಿಗೂ ಹೋಗಲಿಲ್ಲ.

ಅಂದಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಮರೆವು ಎಂದು ಯಾರೇ ಬರಲಿ, ಬಿದ್ದಿದ್ದರಾ, ತಲೆನೋವಿದೆಯಾ, ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ, ಎಷ್ಟು ದಿನದಿಂದ ಹೀಗೆ ಎಂದು ಕೇಳದೆ ನಾಡಿ ಮುಟ್ಟುತ್ತಿರಲಿಲ್ಲ. ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನ್, ಮಿದುಳಿನ ಡಾಕ್ಟರ ಸಲಹೆ ಇವೆಲ್ಲ ಆದ ಮೇಲೆ ನನ್ನ ಹತ್ತಿರ ಬನ್ನಿ ಎನ್ನುತ್ತಿದ್ದೆ. "ನೀವೇ ಇಂಗ್ಲಿಷ್ ಡಾಕ್ಟ್ರ ಹತ್ರ ಕಳ್ಸಿದ್ರೆ ಇಲ್ಲಿ ಬೋರ್ಡ್ ಯಾಕೆ ಹಾಕೋಬೇಕು?" ಎಂದು ಜೊತೆಯವರು ಆಡಿಕೊಂಡರು. ಒಬ್ಬ ಹೆಂಗಸಿಗೆ ಥೈರಾಯ್ಡ್ ತೊಂದರೆ ಎಂದು ಗೊತ್ತಾಗಿ, ಆಕೆ ಅದರ ಮಾತ್ರೆ ನುಂಗಿ ಎರಡು ತಿಂಗಳಿಗೆ ಲಕ್ಷಣವಾಗಿ ಮನೆ ಕೆಲಸ ಮಾಡಿಕೊಳ್ಳುವಂತಾದರು. ಮನೆಯವರು ಬಾಳೆಹಣ್ಣಿನ ಚಿಪ್ಪು ತಂದು, ಎಲ್ಲ ನಿಮ್ಮ ಒಂದೆಲಗದ ಮಹಿಮೆ ಎಂದರು. ನಾನು ಅವರಿಗೆ ಕೊಟ್ಟಿದ್ದು ಮಲಬದ್ಧತೆಗೆ ಒಂದು ಚೂರ್ಣ ಮಾತ್ರ. ಎಷ್ಟು ಹೇಳಿದರೂ ನಂಬಲಿಲ್ಲ.

ಸಿದ್ದಗಂಗಮ್ಮನನ್ನೂ ಪರೀಕ್ಷೆಗಳಿಗೆ ಕಳಿಸಿದೆ. ವಾಸಿಮಾಡಬಹುದಾದ ಬೇರೆ ಕಾರಣ ಏನೂ ಸಿಗಲಿಲ್ಲ. ಮಿದುಳು ಸವೆಯುತ್ತಿದೆ, ಹೀಗೇ ಮುಂದುವರಿಯುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿ, ಸ್ವಲ್ಪ ತಡೆಯಬಹುದಾದ ಮಾತ್ರೆ ಬರೆದಿದ್ದರು. ರುದ್ರಪ್ಪ ಆ ಮಾತ್ರೆಯನ್ನೂ ಕೊಟ್ಟರು, ಒಂದೆಲಗವನ್ನೂ ಬಿಡಲಿಲ್ಲ. ಬರುಬರುತ್ತಾ ಆಕೆಯನ್ನು ಕರೆತರುವುದು ನಿಲ್ಲಿಸಿದರು. ತಾವೊಬ್ಬರೇ ಬಂದು ತುಪ್ಪ ಒಯ್ಯುತ್ತಿದ್ದರು. ಹೇಗಿದ್ದಾರೆ ಎಂದರೆ, "ಪರ್ವಾಗಿಲ್ಲ ಬುಡಿ" ಎನ್ನುತ್ತಿದ್ದರು.

ಒಂದು ಸಲ ತುಪ್ಪ ತೆಗೆದುಕೊಂಡ ಮೇಲೂ ಹೋಗದೆ ನಿಂತರು.

"ಡಾಕ್ಟ್ರಮ್ಮ, ಒಂದು ಮಾತು ಕೇಳ್ಬೇಕಿತ್ತು. ನಂಗೆ ಜ್ವರ ಬಂದಾಗ ನಾಲ್ಕು ದಿವ್ಸ ಸೊಪ್ಪು ತರಕ್ಕಾಗ್ಲಿಲ್ಲ. ಆಮೇಲಿಂದಾನೇ ಅವ್ಳಿಗೆ ಜಾಸ್ತಿ ಆಗಿರೋದು. ನಾನು ತಪ್ಪಿಸಿದ್ದಕ್ಕೇ ಅಂಗಾಯ್ತಾ?"

ಒಂದು ದಿನಾನೂ ತಪ್ಪಿಸಬೇಡಿ ಎಂದವಳು ನಾನು. ಅಷ್ಟು ವರ್ಷ ಆ ಮನುಷ್ಯ ಆ ಮಾತನ್ನು ಹೊತ್ತುಕೊಂಡು ಓಡಾಡಿದ್ದರು. "ಅಲ್ಲ" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಅಂದು ಸಂಜೆ ಬಸ್ಸು ಹಿಡಿಯದೆ ಅವರ ಮನೆಗೆ ಹೋದೆ.

ಬಾಗಿಲು ತೆರೆದೇ ಇತ್ತು. ರುದ್ರಪ್ಪ ನಾನು ಬಂದದ್ದನ್ನು ನೋಡಲಿಲ್ಲ. ನಡುಮನೆಯ ಚಾಪೆಯ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಎದುರಿಗೆ ಕೂತಿದ್ದರು. ಕೈಯಲ್ಲಿ ನಾನು ಕೊಟ್ಟ ಹಾಳೆ. ಮಡಿಕೆಗಳಲ್ಲಿ ಹರಿದು, ಟೇಪು ಹಚ್ಚಿದ್ದರು.

"ಇವತ್ತು ಯಾವ ವಾರ ಹೇಳು ಗಂಗಾ."

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ಹೋಗ್ಲಿ, ನಾನ್ಯಾರು? ನನ್ನ ಹೆಸ್ರೇನು? ನೆನ್ನೆ ಹೇಳಿದ್ಯಲ್ಲ. ಯೋಚ್ನೆ ಮಾಡಿ ಹೇಳು."

"ಗೊತ್ತಿಲ್ಲ ಸಾರ್" ಎಂದರು ಸಿದ್ದಗಂಗಮ್ಮ. ಕಣ್ಣಿನಲ್ಲಿ ನೀರು ತುಂಬಿತ್ತು. "ನಾಳೆ ಕಲ್ತ್ಕೊಂಡ್ ಬರ್ತೀನಿ ಸಾರ್, ಹೊಡೀಬ್ಯಾಡಿ."

ರುದ್ರಪ್ಪ ಹಾಳೆ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆ ಮನೆಯಲ್ಲಿ ಯಾರೂ ಯಾರಿಗೂ ಎಂದೂ ಹೊಡೆದಿರಲಿಲ್ಲ. ಆಕೆ ಯಾವ ಕಾಲದ ಯಾವ ಮೇಷ್ಟರ ಮುಂದೆ ಕೂತಿದ್ದರೋ! ರುದ್ರಪ್ಪ ದಿನಕ್ಕೆರಡು ಸಲ ಹೀಗೆ ಕೇಳುತ್ತಿದ್ದರಂತೆ. ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅವರಿಗೆ ಬೇರೆ ದಾರಿ ಇರಲಿಲ್ಲ.

ನಾನೂ ಚಾಪೆಯ ಮೇಲೆ ಕೂತೆ. ಪವಿತ್ರಾಳಿಗೆ ಹೇಳಿದ ಹಾಗೆ ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನನ್ನ ತಪ್ಪನ್ನು ಮೊದಲು ಹೇಳದೆ, ಅವರಿಗೆ ಬೇಕಾದದ್ದನ್ನು ಮೊದಲು ಹೇಳಿದೆ.

"ರುದ್ರಪ್ಪನವರೇ, ನೀವು ನಾಲ್ಕು ದಿನ ಬಿಟ್ಟದ್ದರಿಂದ ಏನೂ ಆಗಿಲ್ಲ. ಒಂದು ದಿನಾನೂ ಬಿಡದೆ ಕೊಟ್ಟಿದ್ರೂ ಹೀಗೇ ಆಗ್ತಿತ್ತು. ಈ ಕಾಯಿಲೆನ ನಿಲ್ಲಿಸೋ ಶಕ್ತಿ ಒಂದೆಲಗಕ್ಕಿಲ್ಲ. ಆ ತುಪ್ಪಕ್ಕೂ ಇಲ್ಲ."

"ಮತ್ತೆ ಪೇಪರ್ನಾಗೆ ಬಂದಿತ್ತಲ್ಲ?"

"ಅದು ತಪ್ಪು. ನಾನು ಹೇಳಿದ್ದೂ ತಪ್ಪು."

ಅವರ ಮುಖ ಕೆಂಪಾಯಿತು. ಎದ್ದು ಮಿಷನ್ನಿನ ಹತ್ತಿರ ಹೋಗಿ ನಿಂತರು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಮೂರು ವರ್ಷ ಡಾಕ್ಟ್ರಮ್ಮ" ಎಂದರು. "ಮಳೆ ಬರ್ಲಿ, ಚಳಿ ಆಗ್ಲಿ, ಬೆಳಿಗ್ಗೆ ಎದ್ದು ಸೊಪ್ಪಿಗೆ ಹೋಗಿದೀನಿ. ಅದೊಂದು ಇತ್ತು ನಂಗೆ. ನಾಳೆ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ?"

ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನನ್ನು ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಅವರು ಮಿಷನ್ನಿನ ಕಡೆ ಮುಖ ಮಾಡಿ ಅಳತೊಡಗಿದರು. ಕೊನೆಗೆ ಸಿದ್ದಗಂಗಮ್ಮನೇ ಎದ್ದು ಹೋಗಿ ಅವರ ತೋಳು ಹಿಡಿದು, "ಯಾಕಪ್ಪ ಅಳ್ತೀಯ, ನಿಮ್ಮವ್ವ ಬರ್ತಾಳೆ ತಡಿ" ಎಂದರು. ಅಂಗನವಾಡಿಯ ಮಗುವಿಗೆ ಹೇಳುವ ದನಿ ಅದು.

ಒಂದು ತಿಂಗಳು ರುದ್ರಪ್ಪ ನನ್ನ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದರು. ತುಪ್ಪ ಕೇಳಲಿಲ್ಲ. ಅವಳು ಕಾಲು ಉಜ್ಜಿಕೊಳ್ಳುತ್ತಾಳೆ, ನಿದ್ದೆ ಮಾಡೋಲ್ಲ, ಏನು ಮಾಡಲಿ ಎಂದು ಕೇಳಿದರು. ಬೆಚ್ಚಗಿನ ಎಳ್ಳೆಣ್ಣೆಯಲ್ಲಿ ಕಾಲು, ನೆತ್ತಿ ತಿಕ್ಕುವುದನ್ನು ತೋರಿಸಿಕೊಟ್ಟೆ. ಇದರಿಂದ ನೆನಪು ಬರುವುದಿಲ್ಲ, ಮೈ ಹಗುರಾಗುತ್ತದೆ ಅಷ್ಟೇ ಎಂದು ಸ್ಪಷ್ಟವಾಗಿ ಹೇಳಿದೆ. ಸ್ನಾನ ಮಾಡಿಸುವುದು, ಮಲಗಿದಲ್ಲೇ ಮಗ್ಗುಲು ಬದಲಿಸುವುದು, ನುಂಗಲು ಕಷ್ಟವಾದಾಗ ಗಂಜಿ ಎಷ್ಟು ಗಟ್ಟಿ ಇರಬೇಕು, ಇವನ್ನು ನಾನೇ ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನ ಹತ್ತಿರ ಕಲಿತು ಅವರಿಗೆ ಹೇಳಿಕೊಟ್ಟೆ. ನನ್ನ ಡಿಗ್ರಿಯಲ್ಲಿ ಇದ್ಯಾವುದೂ ಇರಲಿಲ್ಲ.

ಪ್ರಶ್ನೆ ಕೇಳುವುದನ್ನು ರುದ್ರಪ್ಪ ಪೂರ್ತಿ ಬಿಟ್ಟರು. ಅಂದಿನಿಂದ ಆಕೆ ಅಳುವುದು ಕಡಿಮೆಯಾಯಿತು ಎಂದರು. ಆಕೆ ಸಾರ್ ಎಂದು ಕರೆದರೆ ಸಾರ್ ಆಗುತ್ತಿದ್ದರು, ಮಗು ಎಂದರೆ ಮಗುವಾಗುತ್ತಿದ್ದರು. ಸೊಪ್ಪಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. "ಚಟ್ನಿ ಮಾಡಿದ್ರೆ ಬಾಯಿ ಚಪ್ಪರಿಸ್ಕೊಂಡು ತಿಂತಾಳೆ ಡಾಕ್ಟ್ರಮ್ಮ. ಅಷ್ಟು ಸಾಕು" ಎಂದರು.

ಸಿದ್ದಗಂಗಮ್ಮ ಆಮೇಲೆ ಎರಡು ವರ್ಷ ಇದ್ದರು. ಕೊನೆಯ ಆರು ತಿಂಗಳು ಮಾತೇ ಇರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಹೊಸ ಕುಪ್ಪಸ ತೊಡಿಸಿದ್ದರು. ಮೈ ಅಷ್ಟು ಇಳಿದುಹೋಗಿದ್ದರೂ ಕುಪ್ಪಸ ಎಲ್ಲೂ ಸಡಿಲವಿರಲಿಲ್ಲ. ರುದ್ರಪ್ಪ ಅಳತೆ ಹಿಡಿದು ಮೊದಲೇ ಹೊಲಿದಿಟ್ಟಿದ್ದರು.

ನಿವೃತ್ತಿಗೆ ಸ್ವಲ್ಪ ಮುಂಚೆ ನನಗೆ ತುಮಕೂರಿಗೆ ವರ್ಗವಾಯಿತು. ಅಲ್ಲಿ ಎಲ್ಲ ಕಂಪ್ಯೂಟರು. ಮಾತ್ರೆಗಳು ಸ್ಟ್ರಿಪ್ಪಿನಲ್ಲಿ, ರಿಪೋರ್ಟುಗಳು ವಾಟ್ಸಾಪಿನಲ್ಲಿ. ಒಂದು ಸೋಮವಾರ ಹೊರಗೆ ತುಂಬಾ ಜನರಿದ್ದರು. ಟೋಕನ್ ಕೂಗಿದಾಗ ಒಳಗೆ ಬಂದವರು ರುದ್ರಪ್ಪ. ಬಹಳ ಬಡವಾಗಿದ್ದರು.

"ನಂಗೂ ಮರೆವು ಶುರುವಾಗೈತೆ ಅನ್ಸುತ್ತೆ ಡಾಕ್ಟ್ರಮ್ಮ" ಎಂದರು.

ನಾನು ಎಲ್ಲ ಕೇಳಿದೆ. ವಾರ, ತಿಂಗಳು, ಬಂದ ಬಸ್ಸು, ಬೆಳಿಗ್ಗೆ ತಿಂದ ತಿಂಡಿ, ಯಾರ ಬಟ್ಟೆ ಹೊಲಿಯುವುದು ಬಾಕಿಯಿದೆ, ಎಲ್ಲ ಚೊಕ್ಕವಾಗಿ ಹೇಳಿದರು. ಮತ್ತೇನು ಮರೆಯುತ್ತಿದ್ದೀರಿ ಎಂದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅವ್ಳ ಮಖ. ಚೆನ್ನಾಗಿದ್ದಾಗಿಂದು. ಕಣ್ಮುಚ್ಚಿದ್ರೆ ಕಡೇ ದಿನಗಳ ಮಖಾನೇ ಬರುತ್ತೆ, ಬಾಯಿ ತಕ್ಕೊಂಡು ಮಲಗಿರೋದು. ಮುಂಚಿನ ಗಂಗಾ ಬರೋದೇ ಇಲ್ಲ. ಫೋಟೋ ನೋಡ್ದೆ, ಅದು ಯಾರೋ ಬೇರೆಯವರ ಥರ ಕಾಣುತ್ತೆ. ಇದಕ್ಕೇನಾದ್ರೂ ಔಷಧಿ ಐತಾ?"

"ಇಲ್ಲ" ಎಂದೆ.

ಅವರು ತಲೆಯಾಡಿಸಿ ಏಳಲು ಹೋದರು. ಕೂತುಕೊಳ್ಳಿ ಎಂದೆ. ಹೊರಗಿನವರಿಗೆ ಸ್ವಲ್ಪ ಕಾಯಲು ಹೇಳಿ ಎಂದು ನರ್ಸಿಗೆ ಹೇಳಿ ಬಾಗಿಲು ಮುಂದೆ ಮಾಡಿಸಿದೆ. "ಮದುವೆಯಾದ ಹೊಸದರಲ್ಲಿ ಇಬ್ಬರೂ ಎಲ್ಲಿಗೆ ಹೋಗ್ತಿದ್ರಿ?" ಎಂದು ಕೇಳಿದೆ.

"ಎಲ್ಲಿಗೆ ಹೋಗೋದು, ಅವ್ಳ ತೌರಿಗೆ ಅಷ್ಟೇ. ಕುಣಿಗಲ್ ಹತ್ರ" ಎಂದರು. ಆಮೇಲೆ ತಾವಾಗಿಯೇ ಮುಂದುವರಿಸಿದರು. "ಒಂದ್ಸಲ ಬಸ್ನಾಗೆ ಇಬ್ರೂ ನಿದ್ದೆ ಮಾಡ್ಬುಟ್ವು. ಸ್ಟಾಪು ದಾಟಿ ಬಸ್ಸು ಎಲ್ಲಿಗೋ ಹೋಗಿತ್ತು. ಕಂಡಕ್ಟರ್ ಬೈದು ಇಳಿಸ್ದ. ಉರಿ ಬಿಸ್ಲು. ಹೊಸ ಚಪ್ಪಲಿ ಕಚ್ಚುತ್ತೆ ಅಂತ ಕೈಯಲ್ಲಿ ಹಿಡ್ಕೊಂಡ್ಳು. ನಂಗೆ ಕೋಪ, ಅತ್ತೆ ಮನೇಲಿ ಊಟಕ್ಕೆ ಕಾಯ್ತಾ ಇರ್ತಾರೆ ಅಂತ ಬಿರಬಿರನೆ ನಡೀತಿದೀನಿ. ಹಿಂದೆ ಸದ್ದೇ ಇಲ್ಲ. ಅಳ್ತಾವ್ಳೋ ಏನೋ ಅಂತ ತಿರುಗಿ ನೋಡಿದ್ರೆ..."

ಅಲ್ಲಿಗೆ ನಿಲ್ಲಿಸಿದರು. ಕಣ್ಣು ಮುಚ್ಚಿಕೊಂಡರು.

"ರಸ್ತೆ ಮಧ್ಯ ನಿಂತ್ಕೊಂಡು ಬಿದ್ದು ಬಿದ್ದು ನಗ್ತಾವ್ಳೆ. ನಗೋವಾಗ ಮೂಗು ಹಿಂಗೆ ಮಾಡೋಳು ಡಾಕ್ಟ್ರಮ್ಮ" ಎಂದು ತಮ್ಮ ಮೂಗನ್ನು ಮಗುವಿನ ಹಾಗೆ ಸುಕ್ಕು ಮಾಡಿ ತೋರಿಸಿದರು. ಕಣ್ಣು ತೆರೆಯಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ತಡೀರಿ, ಮಾತಾಡಿಸ್ಬೇಡಿ" ಎಂದರು.

ನಾನು ಮಾತಾಡಿಸಲಿಲ್ಲ.